ಕಣ್ಣಿಗೂ ಸ್ಟೆಂಟಾ?

"ಸ್ಟೆಂಟು ಎದೆಗೆ ಹಾಕೋದಲ್ವೇನಪ್ಪಾ? ಕಣ್ಣಲ್ಲಿ ನೀರು ಸೋರಿದ್ರೆ ಅದ್ಯಾಕೆ?"

ಕೆಂಚಾರ್ಲಹಳ್ಳಿಯಿಂದ ದೊಡ್ಡಮ್ಮ ಫೋನಲ್ಲಿ ಹೀಗೆ ಕೇಳಿದಾಗ ನನ್ನ ಹತ್ರ ಉತ್ತರ ಇರಲಿಲ್ಲ. ಅವರ ಎಡಗಣ್ಣಲ್ಲಿ ವರ್ಷಗಳಿಂದ ನೀರು. ಸೆರಗಿನ ತುದಿ ಸದಾ ಒದ್ದೆ. ಧೂಳು, ಒಲೆ ಹೊಗೆ ಅಂದುಕೊಂಡು ನಾವೆಲ್ಲ ಸುಮ್ಮನಿದ್ದೆವು. ಪೊರೆ ಆಪರೇಷನ್ನಿನ ಕ್ಯಾಂಪಿಗೆ ಹೋದರೆ ವಾಪಸ್ ಕಳಿಸಿದರು.

ಕ್ಯಾಂಪಿನವರದ್ದು ತಪ್ಪಲ್ಲ. ಪೊರೆ ತೆಗೆಯೋ ಮುಂಚೆ ರೆಪ್ಪೆಯ ಮೂಲೆಯಲ್ಲಿರೋ ಸಣ್ಣ ತೂತಿಗೆ ಸಿರಿಂಜಿನಿಂದ ನೀರು ಬಿಟ್ಟು ನೋಡ್ತಾರೆ. ಗಂಟಲಿಗೆ ಇಳಿದರೆ ದಾರಿ ಸರಿಯಿದೆ ಅಂತ ಅರ್ಥ. ದೊಡ್ಡಮ್ಮನಿಗೆ ನೀರಿನ ಜೊತೆ ಕೀವು ಹೊರಗೆ ಬಂತು. ಮೂಗಿನ ಪಕ್ಕ ಹೀಗೆ ಕೀವಿನ ಚೀಲ ಇರುವಾಗ ಪೊರೆ ತೆಗೆದರೆ ಸೋಂಕು ಕಣ್ಣಿನೊಳಗೇ ಹೋಗಿ ದೃಷ್ಟಿಗೇ ಕುತ್ತು. ಹಾಗಾಗಿ ಮೊದಲು ಇದರ ಆಪರೇಷನ್, ಆಮೇಲೆ ಪೊರೆ.

ನಂತರ ತೋರಿಸಿದ ಆಸ್ಪತ್ರೆಯಲ್ಲಿ ಚೀಟಿ ಕೊಟ್ಟರು: ಡಿಸಿಆರ್, ಜೊತೆಗೆ ಸ್ಟೆಂಟ್. ಅದರ ಖರ್ಚು ಬೇರೆ ಸಾಲಿನಲ್ಲಿ. ದೊಡ್ಡಮ್ಮ ಅದನ್ನು ನೋಡಿ "ಇರೋ ಕಣ್ಣಲ್ಲೇ ಕಾಲ ಹಾಕ್ತೀನಿ ಬಿಡು" ಅಂದುಬಿಟ್ಟರು. ನನಗೆ ಸಿಟ್ಟು ಬಂದಿದ್ದು ಇಲ್ಲಿ. ಒಂದು ಟ್ಯೂಬಿನ ದೆಸೆಯಿಂದ ಪೊರೆಯ ಆಪರೇಷನ್ನೂ ನಿಂತುಹೋಯಿತಲ್ಲ!

ಸರಿ, ಓದಲು ಕೂತೆ. ಡಿಸಿಆರ್ ಹಳೇ ಆಪರೇಷನ್ನೇ, ಇಟಲಿಯ ಟೋಟಿ ಅನ್ನೋ ವೈದ್ಯರು 1904ರಲ್ಲಿ ವಿವರಿಸಿದ್ದು. ಕಟ್ಟಿಕೊಂಡ ನಾಳವನ್ನು ರಿಪೇರಿ ಮಾಡೋದಿಲ್ಲ. ಕಣ್ಣೀರಿನ ಚೀಲಕ್ಕೂ ಮೂಗಿಗೂ ನಡುವಿನ ತೆಳು ಮೂಳೆಯಲ್ಲಿ ಕಿಂಡಿ ಕೊರೆದು ಹೊಸ ಅಡ್ಡದಾರಿ ಮಾಡ್ತಾರೆ. ಸ್ಟೆಂಟ್ ಅಂದರೆ ಇಲ್ಲಿ ಎದೆಗೆ ಹಾಕೋ ಲೋಹದ ಜಾಳಿಗೆಯಲ್ಲ, ಸಿಲಿಕೋನಿನ ಸಪೂರ ಕೊಳವೆ. ಮೇಲಿನ, ಕೆಳಗಿನ ರೆಪ್ಪೆಗಳ ತೂತುಗಳಿಂದ ಹಾಯಿಸಿ, ಕಿಂಡಿಯ ಮೂಲಕ ಮೂಗಿನೊಳಗೆ ತಂದು ಕಟ್ಟುತ್ತಾರೆ. ಗಾಯ ಮಾಯುವಾಗ ದಾರಿ ಮುಚ್ಚದಿರಲಿ ಅಂತ. ಕೆಲವು ವಾರ ಅಥವಾ ತಿಂಗಳುಗಳಾದ ಮೇಲೆ ತೆಗೀತಾರೆ.

ಕೇಳೋಕೆ ಚೆನ್ನಾಗಿದೆ. ಆದರೆ ಮೊದಲ ಸಲ ಮಾಡುವ ಸಾಮಾನ್ಯ ಡಿಸಿಆರ್, ಒಳ್ಳೆ ಕೈಯಲ್ಲಿ, ಸ್ಟೆಂಟ್ ಇಲ್ಲದೆಯೂ ಹತ್ತರಲ್ಲಿ ಒಂಬತ್ತು ಜನಕ್ಕೆ ಕೆಲಸ ಮಾಡುತ್ತೆ. ಹಾಕಿದವರನ್ನೂ ಹಾಕದವರನ್ನೂ ಹೋಲಿಸಿದ ಅಧ್ಯಯನಗಳಲ್ಲಿ ಕೆಲವು ಸ್ವಲ್ಪ ಲಾಭ ತೋರಿಸುತ್ತವೆ, ಹಲವು ಏನೂ ವ್ಯತ್ಯಾಸ ಕಂಡಿಲ್ಲ ಅನ್ನುತ್ತವೆ. ಹಾಗಾಗಿ ಎಲ್ಲರಿಗೂ ಸುಮ್ಮನೆ ಹಾಕುವುದನ್ನು ನಾನಂತೂ ಒಪ್ಪಲ್ಲ. ನಮ್ಮ ಸಾಫ್ಟ್‌ವೇರಿನಲ್ಲಿ ಮೊದಲೇ ಟಿಕ್ ಆಗಿರೋ ಚೆಕ್‌ಬಾಕ್ಸ್ ಇರುತ್ತಲ್ಲ, ಯಾರೂ ಓದದೆ 'ನೆಕ್ಸ್ಟ್' ಒತ್ತೋದು, ಹಾಗಾಗಬಾರದು.

ಬೇಡವೇ ಬೇಡ ಅಂತಲ್ಲ ಮತ್ತೆ. ರೆಪ್ಪೆಯ ಬಳಿಯ ಸಣ್ಣ ನಾಳಗಳೇ ಕಟ್ಟಿದ್ದರೆ, ಒಮ್ಮೆ ಮಾಡಿದ್ದು ಮುಚ್ಚಿಹೋಗಿ ಎರಡನೇ ಸಲ ಮಾಡುತ್ತಿದ್ದರೆ, ಚೀಲ ಸುಕ್ಕಿ ಚಿಕ್ಕದಾಗಿದ್ದರೆ, ಪೆಟ್ಟಿನಿಂದ ನಾಳ ಹರಿದಿದ್ದರೆ ಸ್ಟೆಂಟಿಗೆ ಕಾರಣವಿದೆ. (ಹಸುಗೂಸುಗಳ ಕಣ್ಣಲ್ಲಿ ನೀರು ಬಂದರೆ ಗಾಬರಿ ಬೇಡ. ಡಾಕ್ಟರು ತೋರಿಸಿದ ಹಾಗೆ ಮೂಗಿನ ಪಕ್ಕ ತಿಕ್ಕುತ್ತಿದ್ದರೆ ಬಹುತೇಕ ಮಕ್ಕಳಿಗೆ ವರ್ಷ ತುಂಬೋದರೊಳಗೆ ತಾನೇ ತೆರೆಯುತ್ತೆ.)

ಇನ್ನೊಂದು ಮಾತು, ನಮ್ಮ ಊರುಗಳಿಗೆ ಮುಖ್ಯವಾದದ್ದು. ಸ್ಟೆಂಟ್ ತೆಗೆಸೋಕೆ ವಾಪಸ್ ಹೋಗಲೇಬೇಕು. ಟೊಮೇಟೊ ಕೊಯ್ಲಿನಲ್ಲಿ, ರೇಷ್ಮೆ ಹುಳು ಹಣ್ಣಾಗೋ ಹೊತ್ತಲ್ಲಿ ಯಾರು ಹೋಗ್ತಾರೆ? ನೀರು ನಿಂತಿದೆಯಲ್ಲ ಅಂತ ಮರೆತೇಬಿಡ್ತಾರೆ. ಹಾಗೇ ಬಿಟ್ಟ ಕೊಳವೆ ರೆಪ್ಪೆಯ ತೂತನ್ನೇ ಸೀಳಬಹುದು, ಸುತ್ತ ದುರ್ಮಾಂಸ ಬೆಳೆಯಬಹುದು. ಕೊನೇ ದಿನದ ತನಕ ಯೋಚಿಸಿಯೇ ಹಾಕಬೇಕು.

ಎದೆಯ ಸ್ಟೆಂಟಿಗೆ 2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಬೆಲೆಯ ಮಿತಿ ಹಾಕಿದಾಗ ಎಷ್ಟು ಚರ್ಚೆ ನಡೆಯಿತು! ಬೆಲೆಯ ಜೊತೆ 'ಇದು ಬೇಕೇ ಬೇಕಾ?' ಅಂತ ಕೇಳೋದನ್ನೂ ಜನ ಕಲಿತರು. ಕಣ್ಣಿನ ವಿಷಯದಲ್ಲಿ ಕೇಳೋಕೆ ಹಿಂಜರಿಕೆ ಯಾಕೆ?

ದೊಡ್ಡಮ್ಮನನ್ನು ಇನ್ನೊಬ್ಬ ಡಾಕ್ಟರ ಹತ್ರ ಕರೆದೊಯ್ದು ಅದನ್ನೇ ಕೇಳಿದೆ. ಅವರೇನೂ ಸಿಟ್ಟಾಗಲಿಲ್ಲ. "ಮೊದಲ ಸಲ, ಚೀಲ ದೊಡ್ಡದಿದೆ, ಮೇಲಿನ ನಾಳ ಚೆನ್ನಾಗಿವೆ. ಒಳಗೆ ನೋಡಿ ಬೇಕನಿಸಿದರೆ ಮಾತ್ರ ಹಾಕ್ತೀನಿ" ಅಂದರು. ಹಾಕಲಿಲ್ಲ. ಒಬ್ಬರ ಕಣ್ಣು ಪುರಾವೆಯಲ್ಲ, ಗೊತ್ತು. ಸದ್ಯಕ್ಕೆ ಸೆರಗು ಒಣಗಿದೆ. ಪೊರೆಗೆ ಮುಂದಿನ ತಿಂಗಳ ತಾರೀಖು ಕೊಟ್ಟಿದ್ದಾರೆ.