ತಾಗಿದ್ದು ಅರಿವಿಗೆ ಬರುವುದು ಹೇಗೆ?

ಗಜೇಂದ್ರಗಡದಲ್ಲಿ ಕೈಮಗ್ಗದ ಮುಂದೆ ಕೂತ ನೇಕಾರರು ಹಾಸಿನಲ್ಲಿ ಕಡಿದ ಎಳೆಯನ್ನು ಬೆರಳ ತುದಿಯಿಂದಲೇ ಹುಡುಕಿ ಗಂಟು ಹಾಕುತ್ತಾರೆ. ಅದೇ ಹೊತ್ತಿನಲ್ಲಿ ಮೈಮೇಲಿನ ಅಂಗಿ ತೋಳಿಗೆ ತಾಗುತ್ತಲೇ ಇರುತ್ತದೆ. ಅದರ ಕಡೆ ಅವರಿಗೆ ಗಮನವೇ ಇರುವುದಿಲ್ಲ. ಚರ್ಮಕ್ಕೆ ಎರಡೂ ಸ್ಪರ್ಶವೇ. ಒಂದು ಅರಿವಿಗೆ ಬಂತು, ಇನ್ನೊಂದು ಬರಲಿಲ್ಲ. ಏಕೆ?

ಚರ್ಮವನ್ನು ಒತ್ತಿದಾಗ ನರತುದಿಯಲ್ಲಿರುವ ಪೀಜೋ ಎಂಬ ಪ್ರೋಟೀನ್ ಬಾಗಿಲು ತೆರೆದುಕೊಂಡು ವಿದ್ಯುತ್ ಸಂಕೇತ ಹುಟ್ಟುತ್ತದೆ. ಇದನ್ನು ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಮಣಿಕಟ್ಟಿನಿಂದ ಹೊರಟ ಸಂಕೇತ ಬೆನ್ನುಹುರಿಯ ಮೂಲಕ ಮಿದುಳಿನ ಸ್ಪರ್ಶಕೇಂದ್ರವನ್ನು ಮುಟ್ಟಲು ಸುಮಾರು 20 ಮಿಲಿಸೆಕೆಂಡ್ ಸಾಕು. ಆದರೆ ಅಷ್ಟಕ್ಕೇ ಅರಿವು ಮೂಡಿತು ಎನ್ನುವಂತಿಲ್ಲ. ಮಲಪ್ರಭಾ ಕಾಲುವೆಗೆ ನೀರು ಬಿಟ್ಟ ಮಾತ್ರಕ್ಕೆ ನರಗುಂದದ ಕೊನೆಯ ಹೊಲ ನೆನೆಯುವುದಿಲ್ಲವಲ್ಲ, ಹಾಗೆ.

ಅರಿವು ಯಾವಾಗ ಮೂಡುತ್ತದೆ ಎಂದು ಪರೀಕ್ಷಿಸುವ ವಿಧಾನ ಸರಳ. ಬೆರಳಿಗೆ ಅತಿ ಸಣ್ಣ ವಿದ್ಯುತ್ ಮಿಡಿತ ಕೊಡುತ್ತಾರೆ, ಅರ್ಧದಷ್ಟು ಸಲ ಮಾತ್ರ ಗೊತ್ತಾಗುವಷ್ಟು ಮೆಲ್ಲಗೆ. ಮಿಡಿತ ಒಂದೇ, ಒಮ್ಮೆ ತಿಳಿಯುತ್ತದೆ, ಒಮ್ಮೆ ಇಲ್ಲ. ತಿಳಿದ ಸಲ ಸುಮಾರು 140 ಮಿಲಿಸೆಕೆಂಡಿಗೆ ಮಿದುಳಿನಲ್ಲಿ ಒಂದು ಅಲೆ ಬಲವಾಗಿ ಏಳುತ್ತದೆ. ಆಮೇಲೆ, ಸುಮಾರು 300 ಮಿಲಿಸೆಕೆಂಡಿಗೆ, ಇನ್ನೂ ದೊಡ್ಡ ಅಲೆ ಹರಡುತ್ತದೆ. ಈ ಎರಡನೆಯದೇ ಅರಿವಿನ ಗುರುತು ಎಂದು ಹಲವರು ನಂಬಿದ್ದರು. ಬರ್ಲಿನ್ನಿನ ಸಂಶೋಧಕರು 2021ರಲ್ಲಿ ಬೇರೆಯೇ ತೋರಿಸಿದರು: ಅರಿವಿನ ಜೊತೆ ಸಾಗುವುದು ಮೊದಲಿನ ಅಲೆ, ದೊಡ್ಡ ಅಲೆ ಹೆಚ್ಚಾಗಿ ಉತ್ತರ ಹೇಳುವ ಕೆಲಸಕ್ಕೆ ಸೇರಿದ್ದು.

ಕಣ್ಣೂ ಸಾಕ್ಷಿ ಹೇಳುತ್ತದೆ. ಸ್ಪರ್ಶ ತಿಳಿದಾಗ ಕಣ್ಣಿನ ಪಾಪೆ ತುಸು ಹಿಗ್ಗುತ್ತದೆ. ಮಿದುಳುಕಾಂಡದಲ್ಲಿ ಎಚ್ಚರವನ್ನು ನಿಯಂತ್ರಿಸುವ ನರಕೋಶಗಳ ಚಟುವಟಿಕೆ ಪಾಪೆಯಲ್ಲಿ ಕಾಣಿಸಿಕೊಳ್ಳುವುದೇ ಇದಕ್ಕೆ ಕಾರಣ. ಆದರೆ ಗುಂಡಿ ಒತ್ತಿ ಉತ್ತರಿಸುವ ಶ್ರಮಕ್ಕೂ ಪಾಪೆ ಹಿಗ್ಗುತ್ತದೆ. ಆದ್ದರಿಂದ ಉತ್ತರವನ್ನೇ ಕೇಳದೆ ಅರಿವನ್ನು ಗುರುತಿಸುವ ಪ್ರಯೋಗಗಳು ಈಗ ಮುಖ್ಯವಾಗಿವೆ.

ಗಜೇಂದ್ರಗಡ, ನರಗುಂದದಂಥ ನಮ್ಮ ತಾಲ್ಲೂಕುಗಳಿಗೂ ಇದಕ್ಕೂ ಏನು ಸಂಬಂಧ? ಸ್ಪರ್ಶದ ಬಗ್ಗೆ ಸಾಮಾನ್ಯವಾಗಿ ಮಾಡುವ ಪರೀಕ್ಷೆಗಳು ಬಾಯಿಮಾತನ್ನೋ ಕೈಸನ್ನೆಯನ್ನೋ ನಂಬಿವೆ. ಕುಷ್ಠರೋಗ ತಪಾಸಣೆಯಲ್ಲಿ ಕಣ್ಣು ಮುಚ್ಚಿಸಿ, ಮಚ್ಚೆಯ ಮೇಲೆ ಪೆನ್ನಿನ ತುದಿ ತಾಗಿಸಿ, ಎಲ್ಲಿ ಮುಟ್ಟಿದೆ ತೋರಿಸಿ ಎನ್ನುತ್ತಾರೆ. ಸಕ್ಕರೆ ಕಾಯಿಲೆಯವರ ಪಾದಕ್ಕೆ ನೈಲಾನ್ ಎಳೆ ಒತ್ತಿ ಕೇಳುತ್ತಾರೆ. ತೋರಿಸಬಲ್ಲವರಿಗೆ ಇವು ಅಮೂಲ್ಯ. ಜೋಮು ಹಿಡಿದ ಮಚ್ಚೆಯನ್ನಾಗಲಿ, ಚಪ್ಪಲಿ ಜಾರಿದ್ದೂ ತಿಳಿಯದ ಪಾದವನ್ನಾಗಲಿ ಅಲಕ್ಷಿಸದೆ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಕುಷ್ಠರೋಗದ ಔಷಧಿ ಅಲ್ಲಿ ಉಚಿತ.

ಆದರೆ ತೋರಿಸಲಾರದವರ ಗತಿ? ತಲೆಗೆ ಪೆಟ್ಟಾಗಿಯೋ ಇನ್ನಾವ ಕಾರಣಕ್ಕೋ ಮಿದುಳಿಗೆ ಹಾನಿಯಾಗಿ, ಹೇಳಿದ್ದಕ್ಕೆ ಕಿಂಚಿತ್ತೂ ಸ್ಪಂದಿಸದ 241 ಮಂದಿಯನ್ನು ಹಲವು ದೇಶಗಳ ವೈದ್ಯರು ಪರೀಕ್ಷಿಸಿದರು. ಅವರಲ್ಲಿ 60 ಜನರ ಮಿದುಳು ಸೂಚನೆಯನ್ನು ಪಾಲಿಸುತ್ತಿತ್ತು ಎಂಬ ವರದಿ 2024ರಲ್ಲಿ ಬಂತು. ನಾಲ್ವರಲ್ಲಿ ಒಬ್ಬರು!

ಪಾಪೆ ಮತ್ತು ಮಿದುಳಿನ ಅಲೆ ನೋಡಿ ಅರಿವನ್ನು ಅಳೆಯುವ ವಿಧಾನ ನಮ್ಮ ಆಸ್ಪತ್ರೆಗಳ ದಿನನಿತ್ಯದ ಬಳಕೆಗೆ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಮನೆಯವರು ಮಾಡಬಹುದಾದದ್ದು ಬಹಳವಿದೆ. ಮಾತು ನಿಂತ ಹಿರಿಯರ ಮಗ್ಗುಲು ಬದಲಿಸುವ ಮೊದಲು ಅವರಿಗೆ ಹೇಳಿ. ಮೈ ಒರೆಸುವಾಗ ಮೆಲ್ಲಗೆ ಒರೆಸಿ. ಅವರೆದುರು ಅವರ ಬಗ್ಗೆ ಬೇಡದ ಮಾತಾಡಬೇಡಿ. ಉತ್ತರ ಬರಲಿಲ್ಲ ಎಂದ ಮಾತ್ರಕ್ಕೆ ಅವರಿಗೆ ತಿಳಿಯಲಿಲ್ಲ ಎಂದು ತೀರ್ಮಾನಿಸುವ ಹಕ್ಕು ನಮಗಿಲ್ಲ.