ಕಂಡಿಕೆ ಸುತ್ತೋ ಅಕ್ಕನಿಗೆ ಯಾವ ಕೋಡು?

ಯಾವ ದೇಶದ ಜನ ತಮ್ಮ ಕೆಲಸದಿಂದ ಎಷ್ಟು ಖುಷಿಯಾಗಿದ್ದಾರೆ ಅಂತ ಆಗಾಗ ಪೇಪರಿನಲ್ಲಿ ಪಟ್ಟಿ ಬರುತ್ತಲ್ಲ, ಅದನ್ನು ನೋಡಿದಾಗೆಲ್ಲ ನನಗೆ ಒಂದೇ ಅನುಮಾನ. ಇಳಕಲ್ಲಿನ ನೇಕಾರರ ಮನೆ ಬಾಗಿಲಲ್ಲಿ ನಿಂತು ಆ ಪ್ರಶ್ನೆಯನ್ನು ಯಾವ ಕನ್ನಡದಲ್ಲಿ ಕೇಳಬೇಕು?

ಇಂಥ ಸಮೀಕ್ಷೆಗಳೇನೂ ಹುಡುಗಾಟವಲ್ಲ. ವರ್ಲ್ಡ್ ವ್ಯಾಲ್ಯೂಸ್ ಸರ್ವೆ 1981ರಲ್ಲಿ ಶುರುವಾಯ್ತು, 1990ರ ಸುತ್ತಿನಲ್ಲಿ ಭಾರತವೂ ಸೇರಿಕೊಂಡಿತು. ಐಎಸ್‌ಎಸ್‌ಪಿ ಅನ್ನೋ ಇನ್ನೊಂದು ಹಲವು ದೇಶಗಳ ಸಮೀಕ್ಷೆ 1989, 1997, 2005 ಮತ್ತು 2015ರಲ್ಲಿ ದುಡಿಮೆಯನ್ನೇ ವಿಷಯ ಮಾಡಿಕೊಂಡಿತ್ತು. ಅದರ ಪ್ರಶ್ನೆಗಳು ಮೊದಲು ಬ್ರಿಟಿಷ್ ಇಂಗ್ಲಿಷಿನಲ್ಲಿ ತಯಾರಾಗಿ, ಆಮೇಲೆ ಬೇರೆ ಬೇರೆ ಭಾಷೆಗಳಿಗೆ ಅನುವಾದವಾಗುತ್ತವೆ.

ತೊಂದರೆ ಶುರುವಾಗೋದೇ ಅಲ್ಲಿ. 'ಜಾಬ್' ಅನ್ನೋದಕ್ಕೆ ಕನ್ನಡದಲ್ಲಿ ಏನು ಬರೆಯೋದು? 'ನೌಕರಿ' ಅಂದ್ರೆ ಬಾಗಲಕೋಟೆ ಕಡೆ ತಿಂಗಳ ಪಗಾರ ಬರೋದು, ಮಗ್ಗದವನಿಗೆ ಅದು ಇಲ್ಲ. 'ಉದ್ಯೋಗ' ಅಂದ್ರೆ ಮಗ್ಗ ಸೇರುತ್ತೆ, ಹೆಂಡತಿ ಸುತ್ತೋ ಕಂಡಿಕೆ ಸೇರಲ್ಲ. 'ಕೆಲಸ' ಅಂದ್ರೆ ರೊಟ್ಟಿ ಬಡಿಯೋದೂ ಸೇರಿಬಿಡುತ್ತೆ. ಒಂದು ಪದ ಬದಲಾಯಿಸಿದರೆ ಲೆಕ್ಕಕ್ಕೆ ಬರೋ ಜನರೇ ಬದಲಾಗ್ತಾರೆ!

ಇಳಕಲ್ ಸೀರೆ ನೇಯೋದು ಅಂದ್ರೆ ಬರೀ ಲಾಳಿ ಆಡಿಸೋದಲ್ಲ. ನೂಲು ಸುತ್ತಬೇಕು, ಹಾಸು ಮಾಡಬೇಕು, ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಜೋಡಿಸಬೇಕು. ಇದರಲ್ಲಿ ಹೆಚ್ಚಿನ ಪಾಲು ಹೆಣ್ಣುಮಕ್ಕಳದ್ದು. ಬಾದಾಮಿ ಹತ್ತಿರದ ಗುಳೇದಗುಡ್ಡದಲ್ಲಿ ಖಣ ನೇಯೋ ಮನೆಗಳಲ್ಲೂ ಇದೇ ಕಥೆ. ಆದರೆ "ಏನ್ ಉದ್ಯೋಗ ಮಾಡ್ತೀರಿ?" ಅಂತ ಕೇಳಿ ನೋಡಿ, "ಏನಿಲ್ರೀ, ಮನ್ಯಾಗ ಇರ್ತೀನ್ರಿ" ಅಂತಲೇ ಉತ್ತರ ಬರೋ ಸಾಧ್ಯತೆ ಜಾಸ್ತಿ.

ಕೇಂದ್ರ ಸರ್ಕಾರದ ಕಾರ್ಮಿಕ ಸಮೀಕ್ಷೆಯಲ್ಲಿ ಮನೆಯ ಉದ್ದಿಮೆಗೆ ಸಂಬಳವಿಲ್ಲದೆ ನೆರವಾಗುವವರಿಗೆ 21 ಅಂತ ಕೋಡಿದೆ, ಬರೀ ಮನೆಗೆಲಸದವರಿಗೆ 92. ಅಂದರೆ ಅಕ್ಕನಿಗೆ ಜಾಗ ಇದೆ. ಆದರೆ ದಿನಾ ಡೇಟಾಬೇಸ್ ಜೊತೆ ಗುದ್ದಾಡೋ ನನ್ನಂಥವರಿಗೆ ಗೊತ್ತು, ಕಾಲಂ ಇದ್ದರೆ ಸಾಲದು, ಅದನ್ನು ತುಂಬಿಸೋ ಪ್ರಶ್ನೆ ಸರಿಯಿರಬೇಕು. ಆ ಒಂದು ಉತ್ತರ ಕೇಳಿ ಮುಂದೆ ಹೋದರೆ ಆಕೆ 92.

ಇದಕ್ಕೆ ತದ್ವಿರುದ್ಧ 2019-20ರ ನಾಲ್ಕನೇ ಕೈಮಗ್ಗ ಗಣತಿ. ಅಲ್ಲಿ ನೇಯುವವರ ಜೊತೆಗೆ ಹಾಸು, ಕಂಡಿಕೆ, ಬಣ್ಣದ ಕೆಲಸದವರನ್ನೂ ಎಣಿಸಿದರು. ದೇಶದಲ್ಲಿ 35.22 ಲಕ್ಷ ಜನ ಸಿಕ್ಕರು, ಅವರಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಹೆಂಗಸರು! ಹುಡುಕಿಕೊಂಡು ಕೇಳಿದರೆ ಸಿಗ್ತಾರೆ, ಅಷ್ಟೇ. ಸರ್ಕಾರದ ಯೋಜನೆಗಳು ಎಣಿಕೆಯನ್ನು ನೋಡಿಕೊಂಡೇ ಬರೋದರಿಂದ ಇದು ಬರೀ ಪಂಡಿತರ ಜಗಳ ಅಲ್ಲ.

ಇನ್ನು ಮನೋಭಾವದ ಪ್ರಶ್ನೆಗಳು. ಕೆಲಸ ಅಂದ್ರೆ ಬರೀ ದುಡ್ಡಿನ ದಾರಿಯಾ ಅನ್ನೋ ಅರ್ಥದ ಪ್ರಶ್ನೆ ಐಎಸ್‌ಎಸ್‌ಪಿಯಲ್ಲಿದೆ. ಹುನಗುಂದ ತಾಲೂಕಿನಲ್ಲಿ ಕೂಡಲಸಂಗಮ ಇದೆ. 'ಕಾಯಕ' ಅನ್ನೋ ಮಾತನ್ನು ಚಿಕ್ಕಂದಿನಿಂದ ಕೇಳಿದವರು, ಒಳಗೆ ಏನೇ ಇದ್ದರೂ, ಅಪರಿಚಿತರ ಮುಂದೆ "ಹೌದು, ಬರೀ ದುಡ್ಡಿಗೆ" ಅಂತಾರಾ? ಅವರ ಉತ್ತರದಲ್ಲಿ ಮನೋಭಾವ ಎಷ್ಟು, ಮರ್ಯಾದೆ ಎಷ್ಟು ಅಂತ ಬಿಡಿಸೋದು ಹೇಗೆ?

ಅಮರ್ತ್ಯ ಸೇನ್ 2002ರಲ್ಲೇ ಇಂಥದ್ದೊಂದು ತೋರಿಸಿದ್ದರು. ಹೆಚ್ಚು ವರ್ಷ ಬದುಕೋ ಕೇರಳದವರು, ಬಿಹಾರದವರಿಗಿಂತ ಹೆಚ್ಚು ಕಾಯಿಲೆ ಹೇಳಿಕೊಳ್ತಾರೆ ಅಂತ. ಒಂದೇ ದೇಶದೊಳಗೇ ಹೀಗಾದರೆ ಎರಡು ದೇಶಗಳ ನಡುವೆ ಇನ್ನೇನು ಗತಿ!

ದಾರಿಗಳಿಲ್ಲ ಅಂತಲ್ಲ. ಯುರೋಪಿಯನ್ ಸೋಶಿಯಲ್ ಸರ್ವೆಯ ಪದ್ಧತಿಯಲ್ಲಿ ಇಬ್ಬರು ಬೇರೆ ಬೇರೆಯಾಗಿ ಅನುವಾದಿಸಿ, ಆಮೇಲೆ ಕೂತು ಚರ್ಚಿಸ್ತಾರೆ. ಗ್ಯಾರಿ ಕಿಂಗ್ ಮತ್ತವರ ಜೊತೆಗಾರರು 2004ರಲ್ಲಿ ಇನ್ನೊಂದು ಉಪಾಯ ಪ್ರಕಟಿಸಿದರು. ಒಂದು ಪುಟ್ಟ ಕಥೆ ಹೇಳಿ, ಆ ಪಾತ್ರಕ್ಕೆ ಅಂಕ ಕೊಡಿಸೋದು, ಅದನ್ನೇ ಅಳತೆಗೋಲು ಮಾಡಿಕೊಳ್ಳೋದು. ಸರ್ಕಾರದ ವಿಷಯದಲ್ಲಿ ನಿಮ್ಮ ಮಾತು ಎಷ್ಟು ನಡೆಯುತ್ತೆ ಅಂತ ನೇರ ಕೇಳಿದರೆ ಚೀನಾದವರು ಮೆಕ್ಸಿಕೋದವರಿಗಿಂತ ಮುಂದೆ, ಕಥೆ ಜೊತೆ ಕೇಳಿದರೆ ಉಲ್ಟಾ!

ನನ್ನ ಅಭಿಪ್ರಾಯ ಇಷ್ಟೇ. ಮೊದಲು "ನಿನ್ನೆ ಬೆಳಗಿಂದ ರಾತ್ರಿ ತನಕ ಏನೇನು ಮಾಡಿದಿರಿ?" ಅಂತ ಕೇಳಬೇಕು. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ ಅರ್ಧರ್ಧ ಗಂಟೆಯ ಲೆಕ್ಕ ಹೀಗೇ ತಗೊಂಡಿದ್ದು. ತೃಪ್ತಿ, ಸಮಾಧಾನ ಎಲ್ಲ ಆಮೇಲೆ. ಜೊತೆಗೆ, ಪ್ರತಿ ಸಮೀಕ್ಷೆಯ ಫಲಿತಾಂಶದ ಪಕ್ಕದಲ್ಲೇ ಕೇಳಿದ ಕನ್ನಡ ಪ್ರಶ್ನೆಯನ್ನೂ ಅಚ್ಚು ಹಾಕಬೇಕು. ಪ್ರಶ್ನೆ ತೋರಿಸದ ಪಟ್ಟಿಯನ್ನು ನಾನಂತೂ ನಂಬಲ್ಲ.

'ಜಾಬ್ ಸ್ಯಾಟಿಸ್‌ಫ್ಯಾಕ್ಷನ್' ಅನ್ನೋದನ್ನು ನಿಮ್ಮೂರ ಕನ್ನಡದಲ್ಲಿ ಹೇಗೆ ಕೇಳ್ತೀರಿ? ಹೇಳಿ ನೋಡೋಣ.