ಕಾಲಿಗೆ ರಜಾ, ಕಣ್ಣಿಗಲ್ಲ

ನಮ್ಮನಿಯವರ ಬಲ ಮೊಣಕಾಲು ನೋವು, ಮಗಳ ಪುಣೆ ನೌಕರಿ, ಎರಡೂ ಒಂದ ವರ್ಷ ಶುರು ಆದ್ವು. ಧಾರವಾಡದಿಂದ ಪುಣೆ ಅಂದ್ರ 400 ಕಿಲೋಮೀಟರಿನ ಮ್ಯಾಲ. ಅಷ್ಟು ದೂರ ಆಕ್ಸಿಲರೇಟರ್ ಮ್ಯಾಲ ಕಾಲಿಟ್ಟು ಕೂತು, ಇಳಿಯೂದ್ರಾಗ ಕಾಲು ಕಟಗಿ ಆಗಿರ್ತಿತ್ತು.

ಕ್ರೂಸ್ ಕಂಟ್ರೋಲ್ ದೊಡ್ಡ ಗಾಡಿಯವರ ಸೌಕರ್ಯ ಅಂತ ನಾ ತಿಳಕೊಂಡಿದ್ದೆ. ಹಂಗೇನಿಲ್ರಿ. ಈಗಿನ ಸಣ್ಣ ಕಾರಿನ್ಯಾಗೂ ಪೆಡಲ್ಲಿನಿಂದ ಎಂಜಿನ್ನಿಗೆ ಹೋಗೂದು ಬರೇ ವೈರು. ಎಷ್ಟು ಒತ್ತಿದ್ರಿ ಅನ್ನೋದನ್ನ ಗಾಡಿಯ ಕಂಪ್ಯೂಟರ್ ಓದ್ತದ. ಕೆಲವು ಮಾಡೆಲ್ಲಿಗೆ ಸ್ಟೇರಿಂಗಿಗೆ ಬಟನ್ ಕೂಡಿಸಿ, ಕಂಪ್ಯೂಟರಿನ್ಯಾಗ ಚಾಲೂ ಮಾಡಿದ್ರ ಸಾಕು. ಕೆಲವಕ್ಕ ಹೊರಗಿನ ಡಬ್ಬಿ ಜೋಡಸಬೇಕಾಗ್ತದ.

ಒಬ್ಬಾಂವ "ಅರ್ಧಾ ತಾಸಿನ್ಯಾಗ ವೈರ್ ಕತ್ತರಿಸಿ ಟೇಪ್ ಸುತ್ತಿ ಕೊಡ್ತೇನ್ರಿ ಅಕ್ಕಾರ" ಅಂದ. ನಾ ಎದ್ದು ಬಂದೆ. ವೈರ್ ಕತ್ತರಿಸದ ಸಾಕೆಟ್ಟಿಗೆ ಸಾಕೆಟ್ ಕೂಡಬೇಕು. ವಾರಂಟಿ ಉಳೀತದೋ ಇಲ್ಲೋ, ಮೊದಲ ಬರವಣಿಗಿಯೊಳಗ ಕೇಳಬೇಕು. ಬ್ರೇಕ್ ಮುಟ್ಟಿದ್ರ, ಕ್ಲಚ್ ತುಳದ್ರ ಅದು ತಟ್ಟನ ಬಿಡಬೇಕು. ಖಾಲಿ ರಸ್ತಾದಾಗ ನಮ್ಮ ಕಣ್ಣ ಮುಂದ ತೋರಸಬೇಕು. ನಾವು ಹಂಗ ಮಾಡಿಸಿದ್ವಿ. ಮೊಣಕಾಲು ಸುಮ್ಮನಾತು.

ಈ ಯಂತ್ರ ಹುಟ್ಟಿದ್ದೂ ಗಾಡ್ಯಾಗ ಕೂತವರ ತ್ರಾಸಿನಿಂದನ. ಅಮೆರಿಕದ ಎಂಜಿನಿಯರ್ ರಾಲ್ಫ್ ಟೀಟರ್ ಅವರಿಗೆ ಸಣ್ಣವರಿದ್ದಾಗಿಂದ ಕಣ್ಣು ಕಾಣ್ತಿರಲಿಲ್ಲ. ಬ್ಯಾರೆಯವರು ಗಾಡಿ ಜಗ್ಗಿ ಜಗ್ಗಿ ಹೊಡಿಯೂದು ಅವರಿಗೆ ಸಾಕಾಗಿತ್ತಂತ. 1950ರಾಗ ಪೇಟೆಂಟ್ ಸಿಕ್ತು.

ಆದ್ರ ಒಂದು ಸಂಜಿ, ಕಬ್ಬಿನ ಸೀಜನ್ನು, ಸಂಕೇಶ್ವರದ ಹತ್ರ ಇದ್ವಿ. ವೇಗ 80ಕ್ಕ ಕಟ್ಟಿತ್ತು. ಇವರು ಕಾಲು ಸೀಟಿನ ಕಡೆ ಮಡಚಿಕೊಂಡು ಮಗಳ ಸುದ್ದಿ ಹೇಳ್ಲಿಕತ್ತಿದ್ರು. ಮುಂದ ಎರಡು ಟ್ರೇಲರಿನ ಟ್ರ್ಯಾಕ್ಟರ್, ಹಿಂದ ಒಂದೂ ದೀಪ ಇಲ್ಲ. "ರೀ!" ಅಂತ ನಾ ಚೀರಿದೆ. ಮಡಚಿದ ಕಾಲು ಬ್ರೇಕ್ ಹುಡುಕೂದ್ರಾಗ ಕಬ್ಬಿನ ಸ್ವಾಗಿ ಗಾಜಿನ ಮುಂದ ಬಂದಿತ್ತು. ಗೇಣಿನ್ಯಾಗ ಉಳಕೊಂಡ್ವಿ.

ಯಂತ್ರದ ತಪ್ಪೇನಿಲ್ಲ. ಸಾದಾ ಕ್ರೂಸಿಗೆ ಮುಂದಿನದು ಕಾಣಂಗಿಲ್ಲ, ಹೇಳಿದ ವೇಗ ಹಿಡೀತದ, ಅಷ್ಟ. ನೋಡೋ ಕೆಲಸ ನಮ್ಮದು. ನಾವು ಅದನ್ನೂ ಅದಕ್ಕ ವಹಿಸಿಬಿಟ್ಟಿದ್ವಿ.

ಅದಕ್ಕ ಈಗ ನಮ್ಮನ್ಯಾಗ ಕಾಯ್ದೆ ಆಗೇದ. ಹೊತ್ತು ಮುಳುಗಿದ್ರ ಬಂದ್. ಮಳಿ, ಖಂಬಾಟಕಿ ಘಾಟು, ರಸ್ತಾ ಅಗದ ಡೈವರ್ಶನ್ನು, ಅಲ್ಲೆಲ್ಲಾ ಬಂದ್. ಹಚ್ಚಿದಾಗೂ ಕಾಲು ಬ್ರೇಕಿನ ಬಾಜೂಕನ ಇರಬೇಕು. ಹಾಕಿಸೂದಾದ್ರ ಧಾರಾಳ ಹಾಕಿಸ್ರಿ, ಆದ್ರ ಈ ಕಾಯ್ದೆ ಸಮೇತ ಹಾಕಿಸ್ರಿ. ಮೊಣಕಾಲು ನೋವಿಗೆ ಮುಲಾಮು ಸಿಗ್ತದ.